ಸೇತುವೆಯ ಮೇಲಿನ ನಿದ್ದೆ

ನಮ್ಮ ಸೇಡಂ ಸೀಮೆಯಲ್ಲಿ ಒಂದು ರೂಢಿಯಿದೆ. ಮನೆಯಲ್ಲಿ ಸಾವಾದರೆ, ದಿನಗಳೆಲ್ಲ ಮುಗಿದ ಮೇಲೆ, ಹೆಣ್ಣುಮಗಳನ್ನು ಅವಳ ತವರಿನವರು ಬಂದು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಅವಳು ಒಂದು ರಾತ್ರಿ ನಿದ್ದೆ ಮಾಡಿ ಎದ್ದು ಬರಬೇಕು. ಅಷ್ಟೇ. ಪೂಜೆಯಿಲ್ಲ, ಮಂತ್ರವಿಲ್ಲ. ತವರಿನಿಂದ ಹೊರಡುವಾಗ 'ಹೋಗಿ ಬರ್ತೀನಿ' ಎನ್ನಬಾರದು, ಸುಮ್ಮನೆ ಚಪ್ಪಲಿ ಮೆಟ್ಟಿ ನಡೆಯಬೇಕು. ಇದಕ್ಕೆ 'ನಿದ್ದಿ ಮಾಡಿ ಬರೋದು' ಅನ್ನುತ್ತಾರೆ. ಅದು ಆಗುವ ತನಕ ತೀರಿಹೋದವರು ಮನೆಯ ಹೊಸ್ತಿಲು ದಾಟಿ ಹೋಗುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು.

ನನ್ನ ತವರಿನಲ್ಲಿ ಉಳಿದವನು ತಮ್ಮ ಒಬ್ಬನೇ. ಅವ್ವ, ಅಪ್ಪ ಹೋಗಿ ಬಹಳ ವರ್ಷವಾಯಿತು. ಊರಿನ ಮನೆಯಲ್ಲಿ ಈಗ ದೊಡ್ಡಪ್ಪನ ಮಕ್ಕಳು ತೊಗರಿ ಚೀಲ ಇಡುತ್ತಾರೆ. ತಮ್ಮ ಸೌದಿಯ ದಮ್ಮಾಮಿನಲ್ಲಿ ಏಸಿ ರಿಪೇರಿಯ ಸೂಪರ್‌ವೈಸರ್. ನಮ್ಮ ಮನೆಯವರು ತೀರಿಕೊಂಡಾಗ ನಾಲ್ಕು ದಿನದ ರಜೆ ಹಾಕಿ ನಾವಿರುವ ವಾಡಿಗೆ ಬಂದಿದ್ದ. ದಿನ ಮಾಡುವ ಮೊದಲೇ ಹೋಗಬೇಕಾಯಿತು. ಆಗ ಸುಲೇಪೇಟದ ಸಣ್ಣವ್ವ, ಅಂದರೆ ಅವ್ವನ ತಂಗಿ, 'ನಮ್ಮ ಮನ್ಯಾಗ ಮಕ್ಕೊಂಡು ಹೋಗು ಬಾ, ನಾ ಏನು ಹೊರಗಿನಾಕಿ ಏನು?' ಎಂದು ಕರೆದುಕೊಂಡು ಹೋದಳು. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು, ಕಲಬುರಗಿಗೆ ಹೋಗುವ ಮೊದಲ ಬಸ್ಸು ಸ್ಟಾರ್ಟ್ ಆಗುವ ತನಕ ಕಣ್ಣು ತೆರೆದೇ ಇದ್ದೆ. ಚಿತ್ತಾಪುರದ ನಾದಿನಿಗೆ ಈ ಸುದ್ದಿ ಮುಟ್ಟಿತು. 'ಅದೇನು ಲೆಕ್ಕಕ್ಕ ಹಿಡಿಯಂಗಿಲ್ಲ. ಬೆನ್ನಿಗೆ ಬಿದ್ದ ತಮ್ಮ ಇದ್ದಾಗ ಸಣ್ಣವ್ವನ ಮನಿ ಯಾಕ?' ಎಂದಳು. ಸತ್ತವರು ಅವಳ ಒಬ್ಬನೇ ಅಣ್ಣ. ಅವಳಿಗೂ ಅದು ಸರಿಯಾಗಿ ಆಗಬೇಕಿತ್ತು.

ಹೀಗೆ ಒಂದು ನಿದ್ದೆ ಮಾಡಲಿಕ್ಕೆ ನಾನು ಪಾಸ್‌ಪೋರ್ಟ್ ಮಾಡಿಸಬೇಕಾಯಿತು.

ನಿದ್ದೆ ಎನ್ನುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ದೊಡ್ಡ ವಿಷಯ. ನಮ್ಮ ಮನೆಯವರು ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಚೀಲ ತುಂಬುವ ಮಷೀನಿನ ಮೇಲಿದ್ದರು. ವಾರಕ್ಕೊಂದು ಪಾಳಿ. ರಾತ್ರಿ ಪಾಳಿಯ ವಾರ ಬೆಳಿಗ್ಗೆ ಬಂದು, ಕಿವಿಯೊಳಗಿನ ಪುಡಿ ತೊಳೆದುಕೊಂಡು, ಎರಡು ರೊಟ್ಟಿ ತಿಂದು ಮಲಗುತ್ತಿದ್ದರು. ಆ ಹಗಲು ನಿದ್ದೆಯನ್ನು ನಾನು ಕಾಯುತ್ತಿದ್ದೆ. ಕುಕ್ಕರ್ ಇಡುತ್ತಿರಲಿಲ್ಲ, ಬೇಳೆಯನ್ನು ಬೋಗುಣಿಯಲ್ಲೇ ಬೇಯಿಸುತ್ತಿದ್ದೆ. ಬಾಗಿಲ ಚಿಲಕಕ್ಕೆ ಅರಿವೆ ಸುತ್ತಿದ್ದೆ. ತರಕಾರಿಯವಳು ಬಂದರೆ ಓಣಿಯ ತುದಿಯಲ್ಲೇ ಕೈ ಮಾಡಿ ನಿಲ್ಲಿಸುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಮನೆಯಲ್ಲಿ ಸದ್ದು ಮಾಡುವವಳು ನಾನೊಬ್ಬಳೇ. ಒಣಗಿದ ಕಡಕ್ ರೊಟ್ಟಿಯನ್ನು ಮುರಿದರೆ ಟಪ್ಪನೆ ಸದ್ದಾಗುತ್ತದಲ್ಲ, ಅದಕ್ಕೆ ಅವರು ಮಲಗಿದ್ದಾಗ ನಾನು ರೊಟ್ಟಿಗೆ ನೀರು ಚಿಮುಕಿಸಿ, ಅರಿವೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ತಿನ್ನುತ್ತಿದ್ದೆ.

ಕಾರ್ಖಾನೆಯಲ್ಲಿ ಪಾಳಿ ಮುಗಿದರೂ ಮುಂದಿನವನು ಬಂದು ನಿಲ್ಲುವ ತನಕ ಜಾಗ ಬಿಡುವಂತಿಲ್ಲ. ಹಾಗೆ ಬಂದು ಬಿಡಿಸುವವನಿಗೆ ರಿಲೀವರ್ ಅನ್ನುತ್ತಾರೆ. ರಿಲೀವರ್ ಬರದ ದಿನ ಅವರು ಎರಡು ಪಾಳಿ ನಿಂತು ಬರುತ್ತಿದ್ದರು.

'ಬಿಟ್ಟು ಬಂದರ ಏನಾಗ್ತದ?' ಎಂದು ಒಮ್ಮೆ ಕೇಳಿದ್ದೆ.

'ಏನೂ ಆಗಂಗಿಲ್ಲ. ಆದರೂ ಬಿಟ್ಟು ಬರಬಾರದು' ಅಂದಿದ್ದರು.

ಈಗ ಆ ದಿನದ ಸಂಗತಿ ಬರೆಯಬೇಕು. ಅವರಿಗೆ ಎದೆಯಲ್ಲಿ ಕಸಿವಿಸಿ ಶುರುವಾಗಿ ಎರಡು ರಾತ್ರಿಯಾಗಿತ್ತು. ಪಿತ್ತವೆಂದು ತಿಳಿದಿದ್ದೆವು. ಎರಡು ರಾತ್ರಿಯೂ ಬೆನ್ನು ನೀವುತ್ತ ಕೂತಿದ್ದೆ. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ನೋಡಿ ಕಲಬುರಗಿಗೆ ಒಯ್ಯಲು ಹೇಳಿದರು. ಓಣಿಯವರ ಜೀಪಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಕಾಗಿಣಾ ನದಿಯ ಸೇತುವೆ ಹತ್ತಿರ ಬಂದಾಗ ನನ್ನ ಮುಖ ನೋಡಿ, 'ನೀ ಒಂದೀಟು ಕಣ್ಣ ಮುಚ್ಚು. ಎರಡು ದಿನ ಆತು' ಅಂದರು. ಸೇತುವೆಯ ಪಕ್ಕದ ಕಂಬಗಳು ಒಂದೊಂದಾಗಿ ಹಿಂದೆ ಹೋಗುತ್ತಿದ್ದದ್ದು ನೋಡಿದ್ದು ನೆನಪಿದೆ. ಆಮೇಲೆ ನೆನಪಿಲ್ಲ. ಶಹಾಬಾದ ಊರೊಳಗಿನ ರಸ್ತೆ ಉಬ್ಬಿಗೆ ಜೀಪು ಕುಕ್ಕಿದಾಗ ಎಚ್ಚರವಾಯಿತು. ರಸ್ತೆಯ ಎರಡೂ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಟ್ಟಿಗಳಿದ್ದವು. ತೊಡೆಯ ಮೇಲಿನ ತಲೆಯ ಭಾರ ಬೇರೆಯಾಗಿತ್ತು.

ಎಲ್ಲರಿಗೂ 'ಮಾತಾಡ್ಕೋತ ಮಾತಾಡ್ಕೋತ ಹೋದ್ರು' ಎಂದು ಹೇಳಿದೆ. ನಾದಿನಿಗೂ ಹಾಗೆಯೇ ಹೇಳಿದೆ. ಇಪ್ಪತ್ತೆಂಟು ವರ್ಷ ಅವರ ನಿದ್ದೆ ಕಾದವಳು, ಒಂದು ಸಲ ಎಚ್ಚರವಿರಬೇಕಾದಾಗ ಮಲಗಿದ್ದೆ ಎಂದು ಯಾರಿಗೆ ಹೇಳುವುದು? ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಸುಕಿನಲ್ಲಿ ಗೋಡೆಗೆ ಆತು ಕೂತು ಒಂದು ತಾಸು ತೂಕಡಿಸುತ್ತಿದ್ದೆ, ಬೆಚ್ಚಿ ಏಳುತ್ತಿದ್ದೆ. ಒಂದು ವರ್ಷ ಹೀಗೇ ನಡೆಯಿತು. ಆ ದಣಿವು ಹೇಗಿತ್ತೆಂದರೆ, ಅಳುವುದಕ್ಕೂ ಬೇಸರ ಬರುತ್ತಿತ್ತು.

ದಮ್ಮಾಮಿನಲ್ಲಿ ತಮ್ಮನದು ಮೂರನೆಯ ಮಹಡಿಯ ಮನೆ. ಅವನು, ಹೆಂಡತಿ, ಆರು ವರ್ಷದ ಮಗಳು. ನನಗಾಗಿ ಹೊಸ ಗಾದಿ ತಂದಿದ್ದರು. ತಮ್ಮನ ಹೆಂಡತಿ ಐನಾಪುರದವಳು, ಬಾಯಿ ಜೋರು, ಮನಸ್ಸು ಮೆತ್ತಗೆ. ಮೊದಲ ರಾತ್ರಿ ಏಸಿಯ ಸದ್ದು ಕೇಳುತ್ತ ಕೂತೇ ಬೆಳಗು ಮಾಡಿದೆ. ಬೆಳಿಗ್ಗೆ ಅವಳು ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, 'ಬಂತವಾ, ಚೊಲೊ ನಿದ್ದಿ ಬಂತು' ಎಂದುಬಿಟ್ಟೆ.

ಅವಳು ಅಲ್ಲೇ ನಿಂತು ಚಿತ್ತಾಪುರಕ್ಕೆ ಫೋನು ಮಾಡಿದಳು. ನಾದಿನಿ ಅವತ್ತು ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳಂತೆ, ಅಣ್ಣ ಹೊಸ್ತಿಲು ದಾಟಿದ ಎಂದು. ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಕೂತಿತು.

ಆದರೆ ಒಂದೇ ಮನೆಯಲ್ಲಿದ್ದವರಿಂದ ಎಷ್ಟು ದಿನ ಮುಚ್ಚಿಡಲಿಕ್ಕಾಗುತ್ತದೆ? ನೀರು ಕುಡಿಯಲು ಎದ್ದ ಹುಡುಗಿ ಕತ್ತಲಲ್ಲಿ ಕೂತಿದ್ದ ನನ್ನನ್ನು ನೋಡಿ, 'ಅತ್ತಿ, ನೀ ಗೂಬಿ ಏನು?' ಎಂದು ಕೇಳಿತು. ಅದರ ತಾಯಿ ಅದರ ತಲೆಗೆ ಮೊಟಕಿದಳು. ಮರುದಿನ ತಮ್ಮ ಕ್ಯಾಲೆಂಡರ್ ತೆಗೆದು ನೋಡಿದ. ನನ್ನ ವೀಸಾಕ್ಕೆ ಇಷ್ಟು ದಿನಕ್ಕೊಮ್ಮೆ ದೇಶದ ಗಡಿ ದಾಟಿ ಬರಬೇಕೆಂಬ ನಿಯಮ ಹೇಗೂ ಇತ್ತು. 'ಅಕ್ಕಾ, ಬಹರೇನಿಗೆ ಹೋಗಿ ಬರಮು. ಸಮುದ್ರದ ದಂಡ್ಯಾಗ ಎರಡು ದಿನ ಆರಾಮ ಇರು. ಗಾಳಿ ಬದಲಾದರ ಕಣ್ಣು ತಾನೇ ಹತ್ತತಾವ' ಎಂದ.

ಆರಾಮ ಎನ್ನುವ ಮಾತು ಕೇಳಿದರೇ ನನಗೆ ದಣಿವಾಗುತ್ತಿತ್ತು. ಆದರೂ ಹೂಂ ಅಂದೆ. ಊರಿನಿಂದ ತಂದಿದ್ದ ಕಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಟ್ಟಿಕೊಂಡೆ.

ಗುರುವಾರ ಮಧ್ಯಾಹ್ನ ಹೊರಟೆವು. ಎರಡು ದೇಶಗಳ ನಡುವೆ ಸಮುದ್ರ, ಸಮುದ್ರದ ಮೇಲೆ ಸೇತುವೆ. ವಾಡಿಯಿಂದ ಶಹಾಬಾದ ಮುಟ್ಟಿದರೂ ಮುಗಿಯದಷ್ಟು ಉದ್ದ. ನಡುವೆ ಮಣ್ಣು ತುಂಬಿ ಮಾಡಿದ ಒಂದು ದ್ವೀಪ, ಅಲ್ಲೇ ಗಡಿ. ಸಾಲಾಗಿ ಗೂಡುಗಳಿವೆ. ಗೂಡಿನ ಮುಂದೆ ಕಾರಿನಿಂದ ಇಳಿಯುವ ಹಾಗಿಲ್ಲ, ಕಿಟಕಿಯಿಂದ ಪಾಸ್‌ಪೋರ್ಟ್ ಕೊಡಬೇಕು. ಒಳಗಿನವನು ಫೋಟೋ ನೋಡುತ್ತಾನೆ, ಬಗ್ಗಿ ಮುಖ ನೋಡುತ್ತಾನೆ, ಮುದ್ರೆ ಹೊಡೆಯುತ್ತಾನೆ. ನಾನು ಸೇತುವೆಯ ಉದ್ದಕ್ಕೂ ಮುಂದಿನ ಸೀಟಿನ ಬೆನ್ನು ಹಿಡಿದು ಕೂತಿದ್ದೆ.

'ಅಕ್ಕಾ, ಕಾರು ನಾ ಹೊಡೀಲಿಕತ್ತೀನಿ, ನೀ ಯಾಕ ಬ್ರೇಕ್ ಒತ್ತಾಕತ್ತಿ?' ಎಂದು ತಮ್ಮ ಕನ್ನಡಿಯಲ್ಲಿ ನೋಡಿ ನಕ್ಕ. ನಿಜ, ನನ್ನ ಎರಡೂ ಕಾಲು ಬಿಗಿಯಾಗಿ ನೆಲ ಒತ್ತಿದ್ದವು.

ಸಮುದ್ರದ ಬಗ್ಗೆ ಬರೆಯಲು ನನ್ನ ಹತ್ತಿರ ಹೆಚ್ಚಿಲ್ಲ. ಅಲ್ಲಿನ ನೀರಿಗೆ ಅಲೆಯಿರಲಿಲ್ಲ, ಹಿಟ್ಟು ನಾದುವ ಪರಾತದಲ್ಲಿ ಹಾಕಿಟ್ಟ ನೀರಿನ ಹಾಗೆ ಸುಮ್ಮನಿತ್ತು. ಬಾಡಿಗೆಗೆ ಉದ್ದನೆಯ ಕುರ್ಚಿಗಳು, ಮೇಲೊಂದು ಛತ್ರಿ. ಸುತ್ತ ಎಲ್ಲ ದೇಶದ ಜನ ಬಿದ್ದುಕೊಂಡು ನಿದ್ದೆ ಹೋಗಿದ್ದರು. ಕೆಲವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅಂಥ ಕುರ್ಚಿಯ ತುದಿಯಲ್ಲಿ ನಾನು ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ನೆಟ್ಟಗೆ ಕೂತಿದ್ದೆ.

'ನೋಡು, ನೋಡು' ಎಂದ ತಮ್ಮ ಹೆಂಡತಿಗೆ. 'ಅಕ್ಕ ವಾಡಿ ಜಂಕ್ಷನ್‌ದಾಗ ಸೊಲ್ಲಾಪುರ ಗಾಡಿ ಕಾಯ್ದಂಗ ಕುಂತಾಳ.'

'ಗಾಡಿ ಲೇಟ್ ಅದ ಅಂತ ಹೇಳ್ರಿ, ಒಂದೀಟು ಒರಗಲಿ' ಎಂದಳು ಅವಳು.

ನಾನೂ ನಕ್ಕೆ. ಒರಗಿದೆ ಕೂಡ. ಕಣ್ಣು ಮುಚ್ಚಿದರೆ ಸೇತುವೆಯ ಕಂಬಗಳು ಒಂದೊಂದಾಗಿ ಹಿಂದೆ ಹೋಗುತ್ತಿದ್ದವು. ತೆರೆದೆ. ಹುಡುಗಿ ನೀರಿನಲ್ಲಿ ಆಡಿ ಬಂದು ನನ್ನ ಕಾಲಿನ ಮೇಲೆ ಒದ್ದೆ ಮರಳು ಹಾಕಿ ತಟ್ಟಿತು. ಎರಡು ದಿನ ಹೀಗೇ ಕಳೆದವು. ಅವರು ನನಗಾಗಿ ಮೆಲ್ಲಗೆ ಮಾತಾಡುವುದು, ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ಕದ್ದು ನೋಡುವುದು, ನನಗೆ ಎಲ್ಲ ಗೊತ್ತಾಗುತ್ತಿತ್ತು. ರಜೆಗೆ ಬಂದವರಿಗೆ ನಾನು ಹೊರೆಯಾಗಿದ್ದೆ.

ಶನಿವಾರ ಮಧ್ಯಾಹ್ನ ವಾಪಸು ಹೊರಟಾಗ ಸೇತುವೆಯ ಮೇಲೆ ಕಾರುಗಳ ಸಾಲು ನಿಂತುಬಿಟ್ಟಿತ್ತು. ರಜೆ ಮುಗಿಸಿದವರೆಲ್ಲ ಒಮ್ಮೆಲೇ ಹೊರಟಿದ್ದರು. ಒಂದು ಕಾರಿನಷ್ಟು ಮುಂದೆ ಹೋಗುವುದು, ನಿಲ್ಲುವುದು. ಎರಡೂ ಕಡೆ ಬಿಸಿಲಿಗೆ ಬೆಳ್ಳಗಾದ ನೀರು. ಹುಡುಗಿ ಆಡಿ ಆಡಿ ಸಾಕಾಗಿ, ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು.

ಸ್ವಲ್ಪ ಹೊತ್ತಿಗೆ ತಮ್ಮ ಕನ್ನಡಿಯಲ್ಲಿ ನೋಡಿ, 'ಅಕ್ಕಾ, ಆಗಿಂದ ನೋಡಾಕತ್ತೀನಿ. ಅದರ ಮೂಗಿನ ಮುಂದ ಯಾಕ ಕೈ ಹಿಡಿದಿ?' ಎಂದ.

ಆಗಲೇ ನನಗೂ ಗೊತ್ತಾದದ್ದು. ನನ್ನ ಬೆರಳುಗಳು ಮಗುವಿನ ಉಸಿರು ನೋಡುತ್ತಿದ್ದವು. ಕೈ ತೆಗೆಯಲು ಹೋದೆ, ಆಗಲಿಲ್ಲ.

'ಉಸಿರು ಅದನೋ ಇಲ್ಲೋ ಅಂತ' ಎಂದೆ.

ಇಬ್ಬರೂ ಹಿಂದೆ ತಿರುಗಿದರು. ಮುಂದಿನ ಕಾರು ಸರಿದು ಜಾಗ ಬಿಟ್ಟಿತ್ತು, ಹಿಂದಿನವನು ಹಾರ್ನ್ ಹೊಡೆದ. ತಮ್ಮ ಕಾರನ್ನು ಮುಂದೆ ಸರಿಸಿ ನಿಲ್ಲಿಸಿದ. ಆಮೇಲೆ ನಾನೇ ಹೇಳಿದೆ. ಕಾಗಿಣಾ ಸೇತುವೆಯಿಂದ ಶಹಾಬಾದ ಊರಿನ ತನಕ ನಾನು ಮಲಗಿದ್ದೆ ಎಂದು. ಅವರು ಯಾವಾಗ ಹೋದರೋ ನನಗೆ ಗೊತ್ತಿಲ್ಲ ಎಂದು. ನೀರು ಕೇಳಿದರೋ ಏನೋ. ದಮ್ಮಾಮಿನ ಮೊದಲ ರಾತ್ರಿಯ ಸುಳ್ಳನ್ನೂ ಹೇಳಿದೆ. ಜೋರಾಗಿ ಹೇಳಲಿಲ್ಲ, ತೊಡೆಯ ಮೇಲೆ ಮಗು ಮಲಗಿತ್ತಲ್ಲ.

ತಮ್ಮ ಹ್ಯಾಂಡ್‌ಬ್ರೇಕ್ ಎಳೆದು ಕನ್ನಡಿಯಲ್ಲಿ ನನ್ನನ್ನು ನೋಡಿದ.

'ನೀ ಮಲಗೋ ಮುಂದ ಮಾಮಾ ನಿನಗ ಏನಂದಿದ್ದ?'

'ಕಣ್ಣ ಮುಚ್ಚು ಅಂದ್ರು.'

'ಮತ್ತ ನೀ ಮುಚ್ಚಿದಿ. ಎಚ್ಚರ ಇದ್ದಿದ್ದರ ಏನ್ ಮಾಡ್ತಿದ್ದಿ? ಎಂಬಿಬಿಎಸ್ ಓದಿದ್ದೇನು?' ಬೈಯುವ ದನಿಯಲ್ಲಿ ಶುರು ಮಾಡಿದವನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟ. 'ಹಡದ ಅಪ್ಪ ಸಾಯೋ ಮುಂದ ನಾ ಈ ದೇಶದಾಗ ಯಾವನದೋ ಏಸಿ ಬಿಚ್ಚಾಕತ್ತಿದ್ದೆ. ನೀ ತೊಡಿ ಆದರೂ ಕೊಟ್ಟಿದ್ದಿ.'

'ಸುಮ್ನ ಕುಂದ್ರಿ ನೀವು' ಎಂದಳು ಅವನ ಹೆಂಡತಿ. ಕಾರು ಹೇಗೂ ನಿಂತಿತ್ತು. ಅವಳು ಬಾಗಿಲು ತೆರೆದು ಇಳಿದು, ಬಿಸಿಲಿನಲ್ಲಿ ಸುತ್ತಿ ಬಂದು, ಹಿಂದಿನ ಸೀಟಿನಲ್ಲಿ ಮಗುವಿನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು. ನನ್ನ ಕೈಯನ್ನು ಮಗುವಿನ ಮೂಗಿನಿಂದ ತೆಗೆದು, ಅಲ್ಲಿ ತನ್ನ ಕೈಯಿಟ್ಟಳು.

'ನಾ ನೋಡ್ತೀನ್ರಿ ಅಕ್ಕಾರ. ಉಸಿರು ನಾ ನೋಡ್ತೀನಿ. ನಿಮ್ಮದು ಸಾಕು ಇನ್ನ. ನೀವು ಕಣ್ಣ ಮುಚ್ಚ್ರಿ.'

ರಿಲೀವರ್ ಬಂದಳು ಅಂದುಕೊಂಡೆ. ನಿಜವಾಗಿ ಆ ಮಾತೇ ಮನಸ್ಸಿಗೆ ಬಂತು. ಒಂದು ವರ್ಷದಿಂದ ಬಿಟ್ಟು ಹೋಗಬಾರದ ಒಂದು ಜಾಗದಲ್ಲಿ ನಿಂತಿದ್ದೆ, ಯಾರೂ ಬಂದಿರಲಿಲ್ಲ. ಬರಬೇಕೆಂದು ಯಾರಿಗೂ ತಿಳಿಸಿಯೂ ಇರಲಿಲ್ಲ. ತಲೆಯನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚಿದೆ. ಸೇತುವೆಯ ಕಂಬಗಳು ಕಾಣಿಸಿದವು. ಈ ಸಲ ಅವು ಹಿಂದೆ ಹೋಗಲಿಲ್ಲ, ನಿಂತಲ್ಲೇ ಇದ್ದವು.

ಮುಂದಿನದು ನನಗೆ ಹುಡುಗಿ ಹೇಳಿದ್ದು. ಗಡಿಯ ಗೂಡು ಬರುವಷ್ಟರಲ್ಲಿ ಅದಕ್ಕೆ ಎಚ್ಚರವಾಗಿತ್ತಂತೆ. ಒಳಗಿನ ಅಧಿಕಾರಿ ನನ್ನ ಪಾಸ್‌ಪೋರ್ಟ್ ಹಿಡಿದು, ಮುಖ ತೋರಿಸಲು ಎಬ್ಬಿಸಿ ಎಂದು ಕೈ ಮಾಡಿದನಂತೆ. ತಮ್ಮ ತನಗೆ ಬರುವ ಅರಬ್ಬಿಯಲ್ಲಿ, 'ಅಕ್ಕ. ಗಂಡ ಸತ್ತಿದ್ದಾನೆ. ಒಂದು ವರ್ಷ ನಿದ್ದೆಯಿಲ್ಲ' ಎಂದನಂತೆ. ಆ ಮನುಷ್ಯ ಗೂಡಿನಿಂದ ಅರ್ಧ ಹೊರಗೆ ಬಗ್ಗಿ ಬಹಳ ಹೊತ್ತು ನನ್ನನ್ನೇ ನೋಡಿದನಂತೆ.

'ನಿನ್ನ ಬಾಯಿ ಹಿಂಗ ತೆರೆದಿತ್ತು ಅತ್ತಿ' ಎಂದು ಹುಡುಗಿ ಬಾಯಿ ತೆರೆದು ತೋರಿಸಿತು. 'ಅವ ನೋಡಿದ. ಫೋಟೋ ನೋಡಿದ. ಆಮ್ಯಾಲ ಮುದ್ರಿ ಟಕ್ ಅಂತ ಹೊಡೀಲಿಲ್ಲ. ಹಿಂಗ ಮೆತ್ತಗ ಒತ್ತಿದ.'

ನನಗೆ ಎಚ್ಚರವಾದಾಗ ಕಾರು ದಮ್ಮಾಮಿನ ಮನೆಯ ಕೆಳಗೆ ನಿಂತಿತ್ತು. ಬಿಸಿಲು ಇಳಿದಿತ್ತು. ಇಂಜಿನ್ ಆರಿಸಿರಲಿಲ್ಲ, ಆರಿಸಿದರೆ ಸದ್ದು ನಿಂತು ಎಚ್ಚರವಾದೀತೆಂದು. ತಮ್ಮ ಮುಂದೆ ಕೈಕಟ್ಟಿ ಕೂತಿದ್ದ. ಮನೆ ಮುಟ್ಟಿ ಒಂದೂವರೆ ತಾಸಾಗಿತ್ತಂತೆ. ಹಿಂದೆ ನನ್ನ ಪಕ್ಕದಲ್ಲಿ ಅವನ ಹೆಂಡತಿ ಹಸಿವು ತಾಳದೆ ನನ್ನ ಗಂಟು ಬಿಚ್ಚಿ ಕಡಕ್ ರೊಟ್ಟಿ ತೆಗೆದಿದ್ದಳು. ಮುರಿದಿರಲಿಲ್ಲ. ಬಾಟಲಿಯಿಂದ ಅಂಗೈಗೆ ನೀರು ಹಾಕಿಕೊಂಡು, ರೊಟ್ಟಿಯ ಅಂಚನ್ನು ನೆನೆಸಿ ನೆನೆಸಿ, ಸದ್ದಿಲ್ಲದೆ ತಿನ್ನುತ್ತಿದ್ದಳು. ಅದನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಎದ್ದಮೇಲೆ ನನ್ನ ಕುತ್ತಿಗೆ ನೋಯುತ್ತಿತ್ತು. ಬೇರೇನೂ ಅನ್ನಿಸಲಿಲ್ಲ. ಹಸಿವಾಗಿತ್ತು.

ಆ ಸಂಜೆ ನಾದಿನಿಗೆ ನಾನೇ ಫೋನು ಮಾಡಿದೆ. ಎಲ್ಲ ಹೇಳಿದೆ, ಜೀಪಿನದೂ. ಆ ಕಡೆ ಅವಳು ಅಳುತ್ತಿದ್ದಳೋ ಸಿಟ್ಟಾಗಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ. ಕಡೆಗೆ, 'ಹಗಲ ಹೊತ್ತು, ಕಾರಿನ್ಯಾಗ, ಸಮುದ್ರದ ಮ್ಯಾಗ. ಅದು ಯಾರ ಮನಿ ಅಂತ ತಿಳೀಬೇಕ್ರಿ ವೈನಿ?' ಎಂದಳು.

ತಮ್ಮನ ಹೆಂಡತಿ ಫೋನು ಕಸಿದುಕೊಂಡು, 'ಅವರ ತಮ್ಮಂದೇ ಕಾರು. ಮನಿಗಿ ಎರಡು ಬಾಗಲ ಇದ್ದರ ಇದಕ್ಕ ನಾಕು ಅದಾವ. ಹೋಳಿಗಿ ಇನ್ನೊಮ್ಮಿ ಮಾಡ್ರಿ' ಎಂದಳು.

ನಾದಿನಿ ಮಾಡಿದಳೋ ಇಲ್ಲವೋ ಕೇಳಿಲ್ಲ. ಆದರೆ ನಾನು ಊರಿಗೆ ಬಂದ ಮೇಲೆ ಒಂದು ಸಲ ಬಂದು ಹೋದಳು. ಜೀಪಿನ ಮಾತು ಎತ್ತಲಿಲ್ಲ. ಸುಮ್ಮನೆ ನನ್ನ ಪಕ್ಕ ಕೂತು ತೊಗರಿಬೇಳೆ ಹಸನು ಮಾಡಿಕೊಟ್ಟಳು.

ದಮ್ಮಾಮಿನಿಂದ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ತಮ್ಮ ನನ್ನ ಬಾಯನ್ನೇ ನೋಡುತ್ತ ನಿಂತಿದ್ದ. ನಾನು 'ಬರ್ತೀನಿ' ಎನ್ನಲಿಲ್ಲ. ಹುಡುಗಿಯ ತಲೆ ಸವರಿ, ತಿರುಗಿ ನೋಡದೆ ನಡೆದೆ. ರೂಢಿ ಎಂದರೆ ರೂಢಿ.

ನಿದ್ದೆ ಈಗ ಎಲ್ಲ ದಿನ ಬರುತ್ತದೆಂದಲ್ಲ. ಬಂದ ದಿನ ಬರುತ್ತದೆ. ಕಾರ್ಖಾನೆಯ ಸೈರನ್ ಪಾಳಿ ಬದಲಾಗುವಾಗ ಕೂಗುತ್ತದೆ, ಕೇಳಿಸಿಕೊಂಡು ಮಗ್ಗುಲು ಬದಲಿಸುತ್ತೇನೆ. ವಾಡಿಗೆ ಬಂದ ಮರುದಿನ, ಬೀಗ ತೆಗೆದು ಕಸ ಗುಡಿಸಿ, ಹನ್ನೊಂದು ಗಂಟೆಯ ಸುಮಾರಿಗೆ ಊಟಕ್ಕೆ ಕೂತೆ. ಅವರು ಮಲಗಿರುತ್ತಿದ್ದ ಹೊತ್ತು. ರೊಟ್ಟಿಗೆ ನೀರು ಚಿಮುಕಿಸಲು ಕೈ ತಾನೇ ತಂಬಿಗೆಗೆ ಹೋಯಿತು. ಬೇಡವೆಂದು ಬಿಟ್ಟೆ. ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿದೆ. ಖಾಲಿ ಮನೆಯಲ್ಲಿ ಆ ಸದ್ದು ದೊಡ್ಡದಾಗಿಯೇ ಕೇಳಿಸಿತು. ಒಳಗಿನ ಕೋಣೆಯ ಕಡೆ ಒಂದು ಸಲ ನೋಡಿ, ಇನ್ನೊಂದು ತುಂಡು ಮುರಿದುಕೊಂಡೆ.